ಬಾಗಿಲು ದಾಟದ ಹಾಸಿಗೆ

ನನ್ನ ಭಾವ ಹಾಸಿಗೆ ಹೊಲಿಯುವವರು. ಹಾಸಿಗೆ ಹೊಲಿಯುವವರ ಮನೆಯಲ್ಲಿ ಮೆತ್ತಗೆ ಮಲಗಬಹುದು ಎಂದು ಯಾರಾದರೂ ಅಂದುಕೊಂಡರೆ ಅದು ಅವರ ತಪ್ಪಲ್ಲ. ಅಕ್ಕನನ್ನು ಅವರಿಗೆ ಕೊಡುವಾಗ ನಮ್ಮಮ್ಮನೂ ಹಾಗೇ ಅಂದುಕೊಂಡಿದ್ದಳು. ಬೇರೆ ಏನಿರುತ್ತದೋ ಇಲ್ಲವೋ, ಮಗಳ ಬೆನ್ನಿಗೆ ಹತ್ತಿಯಂತೂ ಇರುತ್ತದೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಮದುವೆಯಾದ ಮೇಲೆ ನೋಡಿದರೆ ದೀಪದ ಬುಡದಲ್ಲೇ ಕತ್ತಲೆ. ಆ ಮನೆಯಲ್ಲಿ ಹಾಸಿಗೆಗಳು ಬೇಕಾದಷ್ಟಿದ್ದವು, ತಮ್ಮದು ಎನ್ನುವ ಹಾಸಿಗೆ ಮಾತ್ರ ಒಂದೂ ಇರಲಿಲ್ಲ.

ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಇಕ್ಕಟ್ಟಾದ ಮರದ ಮೆಟ್ಟಿಲು. ಅಮ್ಮ ತೀರಿಕೊಂಡ ಮೇಲೆ ನಾನೂ ಅಲ್ಲಿಗೇ ಬಂದು ಸೇರಿಕೊಂಡೆ. ಗವಸು ಹೊಲಿಯುವ ಯಂತ್ರದ ಮುಂದೆ ನನ್ನ ಕುರ್ಚಿ, ಅಂಗಡಿಯ ಹಿಂಭಾಗದಲ್ಲಿ ಭಾವ ಹತ್ತಿ ಹಿಂಜುವ ಜಾಗ. ಹಿಂಜಿದ ಹತ್ತಿಯ ಎಳೆಗಳು ಕಿಟಕಿಯ ಬಿಸಿಲಿನಲ್ಲಿ ತೇಲುತ್ತಾ, ಕೆಳಗೆ ಇಳಿಯುವ ಮನಸ್ಸೇ ಇಲ್ಲದೆ ಅಲ್ಲೇ ಸುತ್ತಾಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ನಮ್ಮೆಲ್ಲರ ಹುಬ್ಬು, ಮುಂಗೂದಲು ಬೆಳ್ಳಗಾಗಿ, ಮುಪ್ಪು ಬಂದ ಮೇಲೆ ಯಾರು ಹೇಗೆ ಕಾಣುತ್ತಾರೆಂದು ಮುಂಚೆಯೇ ತಿಳಿದುಹೋಗುತ್ತಿತ್ತು. ಭಾವನಿಗೆ ಮುಪ್ಪು ಒಪ್ಪುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ನನ್ನ ವಿಷಯದಲ್ಲಿ ಅವಳು ಏನೂ ಹೇಳಲಿಲ್ಲ.

ಮಲಗಿ ನೋಡಿದ ಹಾಸಿಗೆಯನ್ನು ಮಾತ್ರ ಕೊಡುತ್ತೇವೆ ಎನ್ನುವುದು ನಮ್ಮ ಅಂಗಡಿಯ ಮಾತು. ಹತ್ತಿ ತುಂಬಿ, ದಬ್ಬಣದಿಂದ ನಡುನಡುವೆ ಗಂಟು ಹಾಕಿ ಮುಗಿಸಿದ ಹಾಸಿಗೆ ಮೊದಲು ಮೇಲಕ್ಕೆ ಬರಬೇಕು. ಅದರ ಮೇಲೆ ಹಳೆಯ ಚಾದರ ಹಾಸಿ ನಾವು ಮಲಗಬೇಕು. ಬೆಳಿಗ್ಗೆ ಭಾವನ ವಿಚಾರಣೆ ಶುರುವಾಗುತ್ತಿತ್ತು: ಸೊಂಟದ ಹತ್ತಿರ ಹತ್ತಿ ಸರಿಯಿತೇ, ಗಂಟು ಒತ್ತಿತೇ, ಕನಸು ಬಿತ್ತೇ. ಕನಸು ಬಿದ್ದರೆ ಹಾಸಿಗೆ ಪಾಸು. ಆಮೇಲೆ ನಾನು ಹೊಸ ಗವಸು ಹಾಕಿ ಗಿರಾಕಿಗೆ ಕೊಡುತ್ತಿದ್ದೆ. ನಮ್ಮ ಬೀದಿಯ ಕ್ಷೌರದಂಗಡಿಯವರು ಒಮ್ಮೆ ಬಂದು, ನಿಮ್ಮ ಹಾಸಿಗೆ ಕೊಂಡಾಗಿನಿಂದ ಯಾರದೋ ಕನಸು ನನಗೆ ಬೀಳುತ್ತಿದೆ, ಗುರುತು ಪರಿಚಯ ಇಲ್ಲದ ಹೆಂಗಸೊಬ್ಬಳು ಬಂದು ಬಯ್ಯುತ್ತಾಳೆ ಎಂದು ದೂರಿದರು. ಆ ಹಾಸಿಗೆಯಲ್ಲಿ ಮಲಗಿ ನೋಡಿದವಳು ನಾನೇ ಆದ್ದರಿಂದ ತಲೆ ತಗ್ಗಿಸಿ ಯಂತ್ರ ತುಳಿಯುತ್ತಾ ಕುಳಿತೆ.

ಮೇಲಿದ್ದ ಹಾಸಿಗೆಗೆ ಗಿರಾಕಿ ಯಾವಾಗ ಬೇಕಾದರೂ ಬರಬಹುದಿತ್ತು. ಬಂದರೆ ಸುತ್ತಿ, ಹಗ್ಗ ಕಟ್ಟಿ, ಕೆಳಗಿಳಿಸಿ ಕೊಡುವುದೇ. ಅವತ್ತು ಚಾಪೆಯೋ ಇನ್ನೊಂದು ಕೋಣೆಯ ಹಾಸಿಗೆಯೋ, ಏನು ಉಳಿದಿದೆಯೋ ಅದು. ನಮಗೂ ಒಂದು ಹಾಸಿಗೆ ಮಾಡಿ ಎಂದು ಅಕ್ಕ ಮದುವೆಯಾದ ಹೊಸದರಿಂದ ಕೇಳುತ್ತಲೇ ಇದ್ದಳು. ಒಳ್ಳೆ ಹತ್ತಿ ಬರಲಿ, ನೋಡೋಣ ಎನ್ನುತ್ತಿದ್ದರು ಭಾವ. ಒಳ್ಳೆ ಹತ್ತಿ ಬರುತ್ತಿತ್ತು, ಬೇರೆಯವರ ಮನೆಗೆ ಹೋಗುತ್ತಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮ ಭಾವನನ್ನು ಮೀರಿಸಿದವರಿಲ್ಲ.

ಅದು ಜಿಪುಣತನ ಎಂದು ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ ಎಂದು ಗೊತ್ತಾದದ್ದು ಒಂದು ಮಧ್ಯಾಹ್ನ. ಊಟವಾದ ಮೇಲೆ ನಾನು ಗವಸಿನ ಅಂಚು ಮಡಿಸುತ್ತಾ ಕುಳಿತಿದ್ದೆ, ಭಾವ ಹತ್ತಿಯ ರಾಶಿಗೆ ಒರಗಿ, ಅರೆಗಣ್ಣು ಮುಚ್ಚಿ, ಯಾರಿಗೆ ಎಂದಿಲ್ಲದೆ ಮಾತಾಡುತ್ತಿದ್ದರು. ಅಪ್ಪ ಅಮ್ಮ ಇಲ್ಲದ ಅವರು ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ಕೆಟ್ಟವಳಲ್ಲ, ಅವಳ ಮನೆಗೆ ನೆಂಟರು ಹೆಚ್ಚು. ಬಂದವರಿಗೆ ಹಾಸಿಗೆ ಕೊಡಬೇಕಲ್ಲ? ಹುಡುಗ ನಿದ್ದೆ ಹೋಗುವುದನ್ನು ನೋಡಿಕೊಂಡು, ಅವನನ್ನು ಎತ್ತಿ ಬೆಂಚಿನ ಮೇಲೋ, ಮೂಟೆಗಳ ಪಕ್ಕವೋ, ಅಡುಗೆಮನೆಯ ನೆಲದ ಮೇಲೋ ಮಲಗಿಸಿ ಹಾಸಿಗೆ ತೆಗೆದುಕೊಳ್ಳುತ್ತಿದ್ದರು. ಒಂದು ಕಡೆ ಮಲಗಿ ಇನ್ನೊಂದು ಕಡೆ ಏಳುವುದು ಎಲ್ಲ ಮಕ್ಕಳಿಗೂ ಆಗುತ್ತದೆ ಎಂದೇ ಅವರು ಬಹಳ ಕಾಲ ತಿಳಿದಿದ್ದರಂತೆ. ಕತ್ತಲಾದ ಮೇಲೆ ಮನೆ ಮೆಲ್ಲಗೆ ತೇಲುತ್ತದೆ, ಕೋಣೆಗಳು ಒಂದರ ಪಕ್ಕದಿಂದ ಇನ್ನೊಂದು ಸರಿದು ಹೋಗುತ್ತವೆ, ಬೆಳಗಾಗುವಾಗ ಎಲ್ಲಿ ನಿಂತಿದೆಯೋ ಅಲ್ಲಿ ನಾವು. ಒಮ್ಮೆ ಅಟ್ಟದ ಮೇಲೆ ಎದ್ದು, ಕಿಂಡಿಯಲ್ಲಿ ಬರೀ ಆಕಾಶ ಕಂಡು, ತಾನು ಸತ್ತೇಹೋಗಿದ್ದೇನೆ ಎಂದು ಬಹಳ ಹೊತ್ತು ಸುಮ್ಮನೆ ಮಲಗಿದ್ದರಂತೆ.

ಇದನ್ನೆಲ್ಲ ಅವರು ನಗುನಗುತ್ತಲೇ ಹೇಳಿದರು. "ಎಷ್ಟು ಮೆತ್ತಗೆ ಎತ್ತೋರು ಗೊತ್ತಾ? ಒಂದು ದಿನಾನೂ ಎಚ್ಚರ ಆಗಲಿಲ್ಲ ನನಗೆ," ಎಂದರು, ದೊಡ್ಡಮ್ಮನ ಕೈಗುಣ ಹೊಗಳುವವರ ಹಾಗೆ. ನನಗೆ ಆ ಹೆಂಗಸಿನ ಮೇಲೆ ಮೈಯೆಲ್ಲ ಉರಿಯಿತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ ಎಂದು ಅಕ್ಕ ಸಮಾಧಾನ ಮಾಡಿದಳು. ಪ್ರಯೋಜನ ನೋಡಿ ಸಿಟ್ಟು ಮಾಡುವವಳು ನಾನಲ್ಲ.

ಆ ಹುಡುಗ ದೊಡ್ಡವನಾಗಿ ಸಾವಿರಾರು ಜನರಿಗೆ ಹಾಸಿಗೆ ಹೊಲಿದರೂ, ತಾನು ಮಲಗುವುದು ಅಂಚಿನಲ್ಲಿ, ಒಂದು ಕಾಲು ಕೆಳಗಿಳಿಸಿ, ಪಾದ ನೆಲಕ್ಕೆ ತಾಗಿಸಿಕೊಂಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನಮ್ಮ ಯಜಮಾನರು ಹಾಸಿಗೆ ಎಷ್ಟಿದ್ದರೂ ಕಾಲು ನೆಲಕ್ಕೇ ಚಾಚುತ್ತಾರೆ ಎಂದು ಅಕ್ಕ ನಗುತ್ತಿದ್ದಳು. ಗೋಡೆಯ ಮೇಲೆ ಹಲ್ಲಿ ಓಡಿದರೂ ಅವರಿಗೆ ಎಚ್ಚರ. ಕಣ್ಣ ಕೆಳಗೆ ಕಪ್ಪು ಕಟ್ಟಿ, ದಬ್ಬಣ ಕೈಗೆ ಚುಚ್ಚುವಷ್ಟಾದಾಗ ಅಕ್ಕ ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಎಲ್ಲ ಕೇಳಿ, ಮಾತ್ರೆ ಬರೆಯಲಿಲ್ಲ. ಇದು ಮೈಯ ಕಾಯಿಲೆ ಅಲ್ಲ, ಇದಕ್ಕೆ ಅಭದ್ರತೆ ಅಂತಾರೆ ಎಂದು ಹೇಳಿ ಕಳಿಸಿದರು.

ಭಾವನಿಗೆ ಆ ಪದ ಬಹಳ ಹಿಡಿಸಿತು. ಡಾಕ್ಟರ ಹತ್ತಿರ ಹೋಗಿ ಬರಿಗೈಯಲ್ಲಿ ಬರಲಿಲ್ಲ ಎನ್ನುವ ಸಮಾಧಾನ. ಗಂಟು ಸಡಿಲವಾಗಿ ಹತ್ತಿ ಅತ್ತಿತ್ತ ಓಡುವ ಹಾಸಿಗೆ ರಿಪೇರಿಗೆ ಬಂದರೆ ತಟ್ಟಿ ನೋಡಿ, "ಇದಕ್ಕೆ ಅಭದ್ರತೆ," ಎನ್ನುತ್ತಿದ್ದರು. ಗಿರಾಕಿಗಳು ದೊಡ್ಡ ರೋಗವೇ ಇರಬೇಕೆಂದು ತಲೆಯಾಡಿಸುತ್ತಿದ್ದರು. ಮನೆಯಲ್ಲಿ ಎಲ್ಲರೂ ಅದನ್ನು ಬಳಸತೊಡಗಿದೆವು. ಬೆಕ್ಕು ಅಡುಗೆಮನೆಗೆ ಬಂದರೆ ಹಾಲಿಗೆ ಅಭದ್ರತೆ. ಕಾಲು ಅಲುಗುವ ನನ್ನ ಕುರ್ಚಿಗೆ ಅಭದ್ರತೆ. ಸಂಜೆ ಅಕ್ಕ ಪೊರಕೆ ಹಿಡಿದುಕೊಂಡರೆ, ಮೆಟ್ಟಿಲ ಮೇಲೆ ಕುಳಿತು ಹರಟೆ ಹೊಡೆಯುತ್ತಿದ್ದ ನಮಗೆ ಅಭದ್ರತೆ. ಹೀಗೆ ಆ ಪದವನ್ನು ದಿನಾ ತೊಳೆದು ಒಣಗಿಸಿ ಬಳಸಿ, ಅದರಲ್ಲಿ ಏನೋ ನೋವಿದೆ ಎನ್ನುವುದೇ ನಮಗೆ ಮರೆತುಹೋಗಿತ್ತು.

ಅಷ್ಟರಲ್ಲಿ ಅರಳೆ ಬಂದಳು. ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಅನಾಥ ಮಕ್ಕಳ ಮನೆಗೆ ದತ್ತು ಕೇಳಿ ಅರ್ಜಿ ಹಾಕಿ, ಕಾದು, ಕಾಯುವುದನ್ನೂ ಬಿಟ್ಟ ಮೇಲೆ ಅಲ್ಲಿಂದ ಕರೆ ಬಂತು. ನಾಲ್ಕು ವರ್ಷದ ಹುಡುಗಿ. ಎತ್ತಿಕೊಂಡರೆ ಭಾರವೇ ಇಲ್ಲ, ಹಿಂಜಿದ ಅರಳೆಯ ಹಾಗೆ ಎಂದು ಭಾವ ಅಂದದ್ದೇ ಹೆಸರಾಯಿತು. ಒಂದು ವರ್ಷ ನಿಮ್ಮ ಹತ್ತಿರ ಇರಲಿ, ಅಧಿಕಾರಿ ಮೇಡಂ ಆಗಾಗ ಬಂದು ನೋಡುತ್ತಾರೆ, ಎಲ್ಲ ಸರಿಯಿದ್ದರೆ ಮಗು ನಿಮ್ಮದು, ಇಲ್ಲದಿದ್ದರೆ ವಾಪಸು ಎಂದು ಹೇಳಿ ಕಳಿಸಿದ್ದರು. ಅಕ್ಕ 'ಮಗು ನಿಮ್ಮದು' ಎನ್ನುವುದನ್ನು ಕೇಳಿಸಿಕೊಂಡು ಬಂದಳು. ಭಾವ 'ವಾಪಸು' ಎನ್ನುವುದನ್ನು ಕೇಳಿಸಿಕೊಂಡು ಬಂದರು.

ಅರಳೆ ಹೆಚ್ಚು ಮಾತಾಡುವವಳಲ್ಲ. ಹಗಲೆಲ್ಲ ಹತ್ತಿಯ ರಾಶಿಯ ಪಕ್ಕ ಕುಳಿತು, ತೇಲುವ ಎಳೆಗಳನ್ನು ಹಿಡಿದು, ಊದಿ ಬಿಟ್ಟು, ಮತ್ತೆ ಹಿಡಿಯುತ್ತಿದ್ದಳು. ಭಾವ ಹಿಂಜುವ ಸದ್ದಿಗೆ ಅವಳ ರೆಪ್ಪೆ ಭಾರವಾಗುತ್ತಿತ್ತು. ಅವಳು ತೂಕಡಿಸಿದರೆ ಅವರೂ ಕೈ ನಿಧಾನ ಮಾಡುತ್ತಿದ್ದರು, ಅವರು ನಿಧಾನ ಮಾಡಿದರೆ ನನ್ನ ಯಂತ್ರವೂ ತಾನಾಗಿ ನಿಧಾನವಾಗುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ಅಂಗಡಿಗೆ ಯಾರಾದರೂ ಬಂದರೆ, ನಾವು ಮೂವರೂ ಎಲ್ಲೋ ನೀರಿನಡಿಯಿಂದ ಮೇಲೆ ಬಂದವರ ಹಾಗೆ ಅವರನ್ನು ನೋಡುತ್ತಿದ್ದೆವು. ನಾನು ಇಷ್ಟು ವರ್ಷ ಬದುಕಿದ್ದರಲ್ಲಿ ಅಷ್ಟು ಸುಖದ ಕಾಲ ಇನ್ನೊಂದಿಲ್ಲ.

ಒಂದು ಸಂಜೆ ಪಕ್ಕದ ಬೀದಿಯ ಹೆಂಗಸೊಬ್ಬರು ಏದುಸಿರು ಬಿಡುತ್ತಾ ಬಂದರು. ಮನೆಗೆ ಹೇಳದೆ ಕೇಳದೆ ನೆಂಟರು ಬಂದಿಳಿದಿದ್ದಾರೆ, ಈಗಲೇ ಒಂದು ಹಾಸಿಗೆ ಬೇಕು ಎಂದರು. ಸಿದ್ಧವಾಗಿದ್ದದ್ದು ಮೇಲಿನ ಒಂದೇ, ಅದರ ಮೇಲೆ ಅರಳೆ ಮಲಗಿದ್ದಳು. ಅಕ್ಕ ಸಾಮಾನು ತರಲು ಹೋಗಿದ್ದಳು. ಭಾವ ಮೆಟ್ಟಿಲು ಹತ್ತಿದರು. ನಾನು ಗವಸು ತೆಗೆದುಕೊಂಡು ಹಿಂದೆಯೇ ಹೋದೆ. ಅವರು ಮಂಡಿಯೂರಿ, ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಮೊಣಕಾಲಿನ ಕೆಳಗೆ ಇಟ್ಟು, ಎಷ್ಟು ಮೆತ್ತಗೆ ಎತ್ತಿದರೆಂದರೆ ಮಗುವಿನ ಉಸಿರು ಕೂಡ ತಪ್ಪಲಿಲ್ಲ. ಅವಳನ್ನು ಮುಂದಿನ ಕೋಣೆಯ ಚಾಪೆಯ ಮೇಲೆ ಮಲಗಿಸಿ, ಹೊದಿಸಿ, ಹಾಸಿಗೆ ಸುತ್ತಿ ಕೊಟ್ಟರು. ತಾವು ಏನು ಮಾಡಿದೆವೆಂದು ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಆಮೇಲೆ ಇನ್ನೂ ಕೆಲವು ಸಲ ಹಾಗೇ ನಡೆಯಿತು. ಅರಳೆ ಎಂದೂ ಅಳಲಿಲ್ಲ, ಎದ್ದು ಕುಳಿತು ಸುತ್ತ ನೋಡಿ, ಬಾಗಿಲು ಎಲ್ಲಿದೆ ಎಂದು ಗುರುತು ಹಿಡಿದು, ಅಡುಗೆಮನೆಗೆ ನಡೆದು ಬರುತ್ತಿದ್ದಳು. ಎಂಥ ಜಾಣ ಮಗು ಎಂದು ನಾವು ಹೊಗಳಿದೆವು.

ಮೇಡಂ ಬಂದದ್ದು ಒಂದು ಬೆಳಿಗ್ಗೆ. ಒಳ್ಳೆಯವರೇ. ನಮ್ಮ ಬಚ್ಚಲುಮನೆ, ಅಡುಗೆಮನೆ ಎಲ್ಲ ನೋಡಿ, ಚಹಾ ಕುಡಿದು, ಮಗು ಮೈ ತುಂಬಿಕೊಂಡಿದೆ ಎಂದು ಮೆಚ್ಚಿಕೊಂಡರು. ಆಮೇಲೆ ಅರಳೆಯನ್ನು ಹತ್ತಿರ ಕರೆದು, ನೀನು ಎಲ್ಲಿ ಮಲಗುತ್ತೀ, ತೋರಿಸು ಎಂದು ಕೇಳಿದರು. ಹಾಸಿಗೆ ಅಂಗಡಿಯವರ ಮನೆಯಲ್ಲಿ ಅದೊಂದು ಸುಲಭದ ಪ್ರಶ್ನೆ ಎಂದುಕೊಂಡಿರಬೇಕು. ಅರಳೆ ಸ್ವಲ್ಪ ಯೋಚಿಸಿದಳು.

"ಗೊತ್ತಿಲ್ಲ," ಎಂದಳು. "ಎದ್ದ ಮೇಲೆ ಗೊತ್ತಾಗತ್ತೆ."

ಮೇಡಂ ಇನ್ನೂ ಕೆಲವು ಪ್ರಶ್ನೆ ಕೇಳಿದರು, ಮಗು ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಮೇಡಂ ಮುಖ ಬಿಗಿಯಾಯಿತು. ಇಲ್ಲಿಗೆ ಬರುವ ಮುಂಚೆ ಈ ಮಗು ಎಷ್ಟೋ ಕೈ ದಾಟಿ ಬಂದಿದೆ, ಅದಕ್ಕೆ ಮೊದಲು ಬೇಕಾದದ್ದು ಕದಲದ ಒಂದು ಜಾಗ, ಹೀಗಾದರೆ ಅಭದ್ರತೆ ಮನಸ್ಸಿನಲ್ಲಿ ಬೇರು ಬಿಡುತ್ತದೆ ಎಂದರು. ಮುಂದಿನ ತಿಂಗಳು ಬಂದು ಮತ್ತೆ ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಮಗುವನ್ನು ಇಲ್ಲಿ ಬಿಡುವುದು ತನ್ನಿಂದಾಗದು ಎಂದು ಹೇಳಿ ಮೆಟ್ಟಿಲಿಳಿದು ಹೋದರು. ನಾವು ಹಾಲಿಗೂ ಕುರ್ಚಿಗೂ ಅಂಟಿಸಿ ನಗುತ್ತಿದ್ದ ಪದ ಅದು. ಅದನ್ನು ಅವರು ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದನ್ನು ತಮಾಷೆಗೆ ಯಾರೂ ಹೇಳಲಿಲ್ಲ.

ಅದೇ ಮಧ್ಯಾಹ್ನ ನಾನು ಚಾದರ ತೆಗೆಯಲು ಮೇಲೆ ಹೋದೆ. ಅರಳೆ ಹೊಸ ಹಾಸಿಗೆಯೊಂದರ ಅಂಚಿನಲ್ಲಿ ಮಲಗಿದ್ದಳು. ಒಂದು ಕಾಲು ಕೆಳಗಿತ್ತು, ಪುಟ್ಟ ಪಾದ ನೆಲಕ್ಕೆ ತಾಗಿತ್ತು. ನಾನು ಭಾವನನ್ನು ಕರೆದು ತೋರಿಸಿದೆ. ಅವರು ಬಾಗಿಲಲ್ಲಿ ನಿಂತು ನೋಡಿದರು, ಇಳಿದು ಹೋದರು.

ಸಂಜೆ ಅವರು ಅಕ್ಕನನ್ನು ಕೂರಿಸಿಕೊಂಡು ಮಾತು ತೆಗೆದರು. ಮೇಡಂ ಬಂದು ಕರೆದುಕೊಂಡು ಹೋಗುವ ಮೊದಲು ನಾವೇ ಮಗುವನ್ನು ಬಿಟ್ಟು ಬರೋಣ, ಇನ್ನೂ ಹಚ್ಚಿಕೊಂಡರೆ ಕಷ್ಟ, ನಮ್ಮ ಹಣೆಯಲ್ಲಿ ಇರುವುದು ಇಷ್ಟೇ ಎಂದರು. ತಗ್ಗಿದ ದನಿ, ಲೆಕ್ಕ ಮುಗಿಸಿದವರ ಮುಖ. ಎಲ್ಲಾ ಮುಂಚೆಯೇ ಗೊತ್ತಿತ್ತು ಎನ್ನುವಂತೆ ಅವರಿಗೆ ಒಂಥರಾ ನಿರಾಳವೂ ಆದಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತಳು. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು ನಾನು, ಅಕ್ಕ ಅಲ್ಲ. ಅವಳು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

"ನಿಮ್ಮನ್ನ ಎತ್ತಿ ಮಲಗಿಸಿದರು, ಅದು ನಿಮ್ಮ ತಪ್ಪಲ್ಲ," ಎಂದಳು. "ನಾನು ಇಷ್ಟು ವರ್ಷ ಚಾಪೆ ಮೇಲೂ ಮಲಗಿದೀನಿ, ಜಗಳ ಆಡಿಲ್ಲ. ಆದರೆ ನಿಮ್ಮ ಭಯಾನ ಈ ಮಗು ಕೈಗೆ ಕೊಡೋದಕ್ಕೆ ನಾನು ಬಿಡಲ್ಲ. ಅವಳು ಹೋಗೋದಾದ್ರೆ ಅವಳ ಹಿಂದೆ ನಾನೂ ಹೋಗ್ತೀನಿ."

ಭಾವ ಎದ್ದರು. ಅಂಗಡಿಗೆ ಇಳಿದು ಹೋಗಿ, ದೀಪ ಹಾಕದೆ ಹತ್ತಿಯ ರಾಶಿಯ ಮೇಲೆ ಕುಳಿತರು. ಮುಸ್ಸಂಜೆಯ ಬೆಳಕಿನಲ್ಲಿ ರಾಶಿ ಬೆಳ್ಳಗೆ ಕಾಣುತ್ತಿತ್ತು, ಅವರು ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಒಳಕೋಣೆಯ ಸಾಮಾನನ್ನೆಲ್ಲ ಹೊರಗೆ ಹಾಕಿದರು. ಗೋಡೆಯಿಂದ ಗೋಡೆಗೆ ಅಳತೆ ತೆಗೆದು ನನಗೆ ಹೇಳಿದರು. ಇಷ್ಟು ದೊಡ್ಡ ಹಾಸಿಗೆ ಚೀಲ ಯಾವ ಗಿರಾಕಿಗೆ, ಆನೆ ಸಾಕಿದವರಿಗೋ ಎಂದು ಕೇಳಿದೆ. ಹೊಲಿ ಎಂದರು, ಅಷ್ಟೇ. ಒಂದು ಪಟ್ಟಿಗೆ ಇನ್ನೊಂದು ಜೋಡಿಸಿ ಹೊಲಿಯುತ್ತಾ ಹೋದಂತೆ ಬಟ್ಟೆ ಯಂತ್ರ ದಾಟಿ, ಅಂಗಡಿ ದಾಟಿ, ಬೀದಿಗೆ ಇಳಿಯಿತು. ಕ್ಷೌರದಂಗಡಿಯವರು ಒಂದು ತುದಿ ಹಿಡಿದುಕೊಂಡು ನಿಂತರು. ಆಮೇಲೆ ಭಾವ ಹತ್ತಿಯನ್ನು ಮೂಟೆ ಮೂಟೆಯಾಗಿ ಮೇಲೆ ಹೊತ್ತರು. ಒಳ್ಳೆ ಹತ್ತಿ, ತೆಗೆದಿಟ್ಟ ಹತ್ತಿ. ಒಳಕೋಣೆಯಲ್ಲೇ ಹಿಂಜಿದರು. ಕೋಣೆ ತುಂಬಿ, ಬಾಗಿಲು ತುಂಬಿ, ಬೆಳಕು ಒಳಗೆ ಬರುವಾಗ ಹಾಲಿನ ಬಣ್ಣಕ್ಕೆ ತಿರುಗಿತು. ಅದರೊಳಗೆ ಎಲ್ಲೋ ಅರಳೆ ಇದ್ದಳು, ನಗು ಮಾತ್ರ ಕೇಳಿಸುತ್ತಿತ್ತು. ಅಕ್ಕ ಒಳಗೆ ಕೈಯಾಡಿಸಿ ಹುಡುಕಿದರೆ ಒಮ್ಮೆ ಮಗುವಿನ ಕಾಲು ಸಿಗುತ್ತಿತ್ತು, ಒಮ್ಮೆ ಗಂಡನ ಕೈ. ಗಂಡನ ಕೈ ಸಿಕ್ಕಾಗ ಅವಳು ತಕ್ಷಣ ಬಿಡಲಿಲ್ಲ.

ಹತ್ತಿ ತುಂಬಿ, ಗಂಟು ಹಾಕಿ, ಅಂಚು ಮುಚ್ಚಿದಾಗ ಆ ಕೋಣೆಯಲ್ಲಿ ನೆಲವೇ ಉಳಿಯಲಿಲ್ಲ. ಯಾರು ಯಾವ ಕಡೆ ಮಲಗಿದರೂ ಕಾಲು ಇಳಿಬಿಡಲು ಜಾಗವಿಲ್ಲ. ಅಕ್ಕ ಬಾಗಿಲನ್ನೂ ಹಾಸಿಗೆಯನ್ನೂ ನೋಡಿದಳು.

"ಇದು ಈ ಬಾಗಿಲಲ್ಲಿ ಹೊರಗೆ ಹೋಗಲ್ಲರೀ," ಎಂದಳು.

"ಹೋಗೋದು ಬೇಡ," ಎಂದರು ಭಾವ.

ಮಲಗಿ ನೋಡುವ ಕೆಲಸ ಅವತ್ತಿನಿಂದ ನನ್ನೊಬ್ಬಳ ಪಾಲಿಗೆ ಬಂತು. ಚಿಂತೆ ಇಲ್ಲದವಳಿಗೆ ಸಂತೆಯಲ್ಲೂ ನಿದ್ದೆ, ಮುಂದಿನ ಕೋಣೆಯಲ್ಲಿ ಯಾವ ಹಾಸಿಗೆ ಬಂದರೂ ನನಗೆ ನಡೆಯುತ್ತದೆ. ಭಾವನಿಗೆ ಮಾತ್ರ ತಮ್ಮ ಹಾಸಿಗೆಯ ಮೇಲೆ ನಿದ್ದೆ ಹತ್ತಲಿಲ್ಲ. ಅಷ್ಟು ದೊಡ್ಡ ಹಾಸಿಗೆಯ ನಡುವೆ ಕೈಕಾಲು ಮುದುರಿ ಕುಳಿತಿರುತ್ತಿದ್ದರು. ಅರಳೆಯೂ ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತಿದ್ದಳು. ಮಲಗಿದರೆ ಎತ್ತುತ್ತಾರೆ ಎನ್ನುವುದು ಅವಳಿಗೆ ಪಾಠವಾಗಿತ್ತು. ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕಾಯುತ್ತಿರುತ್ತಾರೆ ಎಂದು ಅಕ್ಕ ನನ್ನ ಹತ್ತಿರ ಹೇಳಿ ಕಣ್ಣೀರು ಹಾಕಿದಳು. ಮೇಡಂ ಬರುವ ದಿನ ಹತ್ತಿರವಾಗುತ್ತಾ ಬಂದಂತೆ ನನಗೂ ಊಟ ರುಚಿಸಲಿಲ್ಲ. ಹಾಸಿಗೆ ದೊಡ್ಡದಿದ್ದ ಮಾತ್ರಕ್ಕೆ ಮಗು ಉಳಿಯುತ್ತದೆಯೇ?

ಅವರು ಬರುವ ದಿನ ಭಾವ ಅಂಗಡಿ ತೆರೆಯಲಿಲ್ಲ. ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿದರು. ಮಧ್ಯಾಹ್ನವಾಯಿತು. ಮೇಡಂ ಬರಲಿಲ್ಲ. ಭಾವ ಸುಸ್ತಾಗಿ ಒಳಕೋಣೆಗೆ ಹೋಗಿ ಹಾಸಿಗೆಯ ಮೇಲೆ ಅರಳೆಯ ಪಕ್ಕ ಒರಗಿದರು. ಆಮೇಲೆ ಒಳಗಿಂದ ಮಾತು ಕೇಳಿಸಲಿಲ್ಲ. ಹತ್ತಿಯ ಒಂದೆರಡು ಎಳೆಗಳು ಇನ್ನೂ ಆ ಕೋಣೆಯ ಗಾಳಿಯಲ್ಲಿದ್ದವು, ಬಾಗಿಲ ಕಡೆ ಬಂದು, ಹೊರಗೆ ಹೋಗದೆ, ಮತ್ತೆ ಒಳಗೆ ತಿರುಗುತ್ತಿದ್ದವು.

ಬಿಸಿಲು ಇಳಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮೇಡಂ ತಡವಾದದ್ದಕ್ಕೆ ಏನೋ ಕಾರಣ ಹೇಳುತ್ತಲೇ ಬಂದರು. ಅಕ್ಕ ಅವರನ್ನು ಒಳಕೋಣೆಯ ಬಾಗಿಲಿಗೆ ಕರೆದುಕೊಂಡು ಹೋದಳು. ಭಾವ ಅಂಗಾತ ಮಲಗಿ, ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಆ ಮನುಷ್ಯ ಗೊರಕೆ ಹೊಡೆಯುತ್ತಾರೆ ಎಂದು ಅವರ ಹೆಂಡತಿಗೇ ಗೊತ್ತಿರಲಿಲ್ಲ. ಅರಳೆ ಅವರ ತಲೆಯ ಹತ್ತಿರ ಕುಳಿತು, ಅವರ ಅಂಗಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಕ್ಕನಿಗೆ ನಾಚಿಕೆಯಾಗಿ, ಅವರನ್ನು ಎಬ್ಬಿಸಲು ಬಗ್ಗಿ ಕೈ ಚಾಚಿದಳು.

"ಎತ್ತಬೇಡಿ," ಎಂದಳು ಅರಳೆ. ದನಿ ಸಣ್ಣದು, ಆದರೆ ಹಿಡಿತ ಬಿಗಿಯಾಗಿತ್ತು. "ಇವರು ಇಲ್ಲೇ ಮಲಗಿದ್ದು. ನಾನು ನೋಡ್ತಾ ಇದೀನಿ."

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಮೇಡಂ ಕೇಳಬೇಕೆಂದು ಬಂದದ್ದನ್ನು ಕೇಳಲಿಲ್ಲ. ಚೀಲ ಕೆಳಗಿಟ್ಟು ಹೊಸ್ತಿಲ ಮೇಲೆ ಕುಳಿತರು, ಪಕ್ಕದಲ್ಲಿ ಅಕ್ಕ, ಅಕ್ಕನ ಪಕ್ಕ ನಾನು. ಮಗು ಇಲ್ಲೇ ಇರಲಿ, ಇನ್ನು ತಾನು ಬರುವ ಅಗತ್ಯವಿಲ್ಲ ಎಂದು ಸ್ವಲ್ಪ ಹೊತ್ತಿನ ಮೇಲೆ ಅವರು ಪಿಸುಮಾತಿನಲ್ಲಿ ಹೇಳಿದರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಸದ್ದಾದೀತು ಎಂದು. ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಮೆಲ್ಲಗೆ ಸರಿದು, ಭಾವನ ಮೊಣಕಾಲಿಗೆ ಬಂತು, ಎದೆಗೆ ಬಂತು, ಗೋಡೆ ಹತ್ತಿತು.

ಕತ್ತಲಾಗುವ ಮುಂಚೆ ಭಾವನಿಗೆ ಎಚ್ಚರವಾಯಿತು. ಅವರು ಏಳಲಿಲ್ಲ. ಕಣ್ಣು ಮಾತ್ರ ತೆರೆದು, ಸೂರನ್ನು, ಕಿಟಕಿಯನ್ನು, ಬಾಗಿಲಲ್ಲಿ ಸಾಲಾಗಿ ಕುಳಿತ ನಮ್ಮನ್ನು ನೋಡಿದರು. ಅಟ್ಟದ ಮೇಲೆ ಎದ್ದ ಹುಡುಗನ ಮುಖ ಹೀಗೇ ಇದ್ದಿರಬೇಕು.

"ನಾನು ಎಲ್ಲಿದೀನಿ?" ಎಂದು ಕೇಳಿದರು.

ಅರಳೆ ಅಂಗಿಯ ತೋಳು ಬಿಟ್ಟು, ಅವರ ಹಣೆಯ ಮೇಲೆ ಕೂತಿದ್ದ ಹತ್ತಿಯ ಎಳೆಯೊಂದನ್ನು ತೆಗೆದಳು.

"ಮಲಗಿದ ಕಡೆನೇ ಇದೀರ," ಎಂದಳು.